ಎರಡು ಕರಡಿ ಪ್ರವಾಸ, ಒಂದು ತೂಕದ ತಕರಾರು: ಬ್ರೂಕ್ಸ್ ಮತ್ತು ಚರ್ಚಿಲ್

ಅಲಾಸ್ಕಾದ ಬ್ರೂಕ್ಸ್ ಜಲಪಾತಕ್ಕೆ ಕರೆದೊಯ್ದ ಕಂಪನಿಗೆ ಐದಕ್ಕೆ ಮೂರು. ಕೆನಡಾದ ಚರ್ಚಿಲ್‌ಗೆ ಕರೆದೊಯ್ದ ಕಂಪನಿಗೆ ನಾಲ್ಕೂವರೆ. ಕರಡಿಗಳಿಗೆ ಬೇರೆ ಅಂಕ. ಅವುಗಳ ಮೇಲೆ ನನ್ನ ದೂರೇನೂ ಇಲ್ಲ. ಬ್ರೂಕ್ಸ್ ಕಂಪನಿಗೆ ಅಂಕ ಕಡಿಮೆಯಾದದ್ದು ಸ್ವಲ್ಪ ಊಟದ ವಿಷಯಕ್ಕೆ, ಬಹುಪಾಲು ಲೆಕ್ಕದ ವಿಷಯಕ್ಕೆ. ಎರಡೂ ಕಂಪನಿಗಳ ಕರಪತ್ರದಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯ ಅಚ್ಚಾಗಿತ್ತು: ನೆಲದ ಮೇಲಿನ ಅತಿ ದೊಡ್ಡ ಬೇಟೆಪ್ರಾಣಿಯನ್ನು ನೋಡಲು ಬನ್ನಿ. ಒಂದು ಕಡೆ ಕಂದು ಕರಡಿ, ಇನ್ನೊಂದು ಕಡೆ ಹಿಮಕರಡಿ. ಇಬ್ಬರಲ್ಲಿ ಒಬ್ಬರಾದರೂ ತಪ್ಪು ಹೇಳುತ್ತಿರಬೇಕಲ್ಲ!

ನಾನು ನಿವೃತ್ತ ಪಶುವೈದ್ಯ. ಸಂಡೂರು, ಹೊಸಪೇಟೆ, ಹಗರಿಬೊಮ್ಮನಹಳ್ಳಿ ಸೀಮೆಯಲ್ಲಿ ನೌಕರಿ ಕಳೆದವನು. ಬ್ಯಾಂಕ್ ಸಾಲಕ್ಕೆ, ವಿಮೆಗೆ, ಔಷಧದ ಪ್ರಮಾಣಕ್ಕೆ ದನದ ತೂಕ ಬೇಕು. ಹಳ್ಳಿಯಲ್ಲಿ ದನ ತೂಗುವ ತಕ್ಕಡಿ ಇರುತ್ತಿರಲಿಲ್ಲ. ಟೇಪು ಹಿಡಿದು ಎದೆಸುತ್ತು ಮತ್ತು ಮೈಯುದ್ದವನ್ನು ಇಂಚಿನಲ್ಲಿ ಅಳೆಯುವುದು, ಎದೆಸುತ್ತನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 300ರಿಂದ ಭಾಗಿಸುವುದು. ಬಂದ ಉತ್ತರ ಪೌಂಡಿನಲ್ಲಿ ತೂಕ. ಶೇಫರ್ ಸೂತ್ರ ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಸಂತೆಯಲ್ಲಿ ದಲ್ಲಾಳಿಗಳು ಟೇಪಿಲ್ಲದೆ ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದರು, ಮಾರುವವನು ಬೆಳಿಗ್ಗೆ ಉಪ್ಪು ತಿನ್ನಿಸಿ ಹೊಟ್ಟೆ ತುಂಬ ನೀರು ಕುಡಿಸಿ ತಂದಿರುತ್ತಾನೆ ಎಂಬುದನ್ನು ಲೆಕ್ಕಕ್ಕೆ ಹಿಡಿದೇ. ಯಾವ ದಿನ, ಏನು ತಿಂದ ಮೇಲೆ, ಗಬ್ಬವೋ ಬರಡೋ, ಹಲ್ಲು ಎಷ್ಟು ಎಂದು ಕೇಳದೆ ಯಾವ ದಲ್ಲಾಳಿಯೂ ಬೆಲೆ ಕಟ್ಟುತ್ತಿರಲಿಲ್ಲ. ಈ ಅಭ್ಯಾಸವಿರುವವನ ಮುಂದೆ ಪ್ರವಾಸದ ಮಾರ್ಗದರ್ಶಿಯೊಬ್ಬ ‘ಇದು 1,200 ಪೌಂಡ್’ ಎಂದು ಸಲೀಸಾಗಿ ಹೇಳಿದರೆ ಸುಮ್ಮನಿರಲು ಆಗುತ್ತದೆಯೇ?

ಬ್ರೂಕ್ಸ್‌ಗೆ ಟಿಕೆಟ್ ತೆಗೆದದ್ದು ಸಿಯಾಟಲ್‌ನಲ್ಲಿರುವ ಮಗ. ಸೆಪ್ಟೆಂಬರ್ ಮೊದಲ ಭಾಗ. ಆಂಕರೇಜ್‌ನಿಂದ ಕಿಂಗ್ ಸಾಲ್ಮನ್ ಎಂಬ ಸಣ್ಣ ಊರಿಗೆ ಒಂದು ವಿಮಾನ, ಅಲ್ಲಿಂದ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ಸಂಜೆಗೆ ವಾಪಸ್. ಒಬ್ಬರಿಗೆ ಸಾವಿರ ಡಾಲರ್ ದಾಟುತ್ತದೆ. ಪುಟ್ಟ ವಿಮಾನ ಹತ್ತುವ ಮೊದಲು ನಮ್ಮನ್ನೆಲ್ಲ ಕೋಟು, ಬೂಟು, ಚೀಲ, ಕ್ಯಾಮೆರಾ ಸಮೇತ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಂಡರು. ಆ ಇಡೀ ದಿನದಲ್ಲಿ ಸರಿಯಾಗಿ ತೂಗಲ್ಪಟ್ಟ ಪ್ರಾಣಿಗಳೆಂದರೆ ನಾವೇ.

ಜಾಗ ಅದ್ಭುತವಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನ್ಯಾಕ್ನೆಕ್ ಸರೋವರದ ದಡದಲ್ಲಿ ಇಳಿದವರು ನೇರವಾಗಿ ಕರಡಿ ನೋಡಲು ಓಡುವಂತಿಲ್ಲ. ಕಟ್ಮಾಯ್ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಮೊದಲು ಪಾಠ ಮಾಡುತ್ತಾರೆ: ಕರಡಿಗೂ ನಿಮಗೂ ಐವತ್ತು ಗಜ ಅಂತರ, ದಾರಿಯಲ್ಲಿ ತಿನ್ನುವಂತಿಲ್ಲ, ಎದುರಾದರೆ ಓಡುವಂತಿಲ್ಲ. ಪಾಠ ಕೇಳಿದ್ದಕ್ಕೆ ಅಂಗಿಗೆ ಚುಚ್ಚಿಕೊಳ್ಳುವ ಪುಟ್ಟ ಪದಕ ಕೊಡುತ್ತಾರೆ. ಮೊಮ್ಮಗಳು ಅದನ್ನು ಈಗಲೂ ಶಾಲೆಯ ಚೀಲಕ್ಕೆ ಹಾಕಿಕೊಂಡಿದ್ದಾಳೆ. ನಂತರ ಮರದ ಸೇತುವೆ, ಹಲಗೆಯ ದಾರಿ, ಕೊನೆಗೆ ಜಲಪಾತದ ಪಕ್ಕದ ಅಟ್ಟಣೆ. ಜಲಪಾತ ಆಳೆತ್ತರದ್ದು ಅಷ್ಟೇ. ಅದರ ಕೆಳಗೆ ನಿಂತ ಗಂಡು ಕರಡಿಯ ಹೊಟ್ಟೆ ನೀರಿಗೆ ತಾಗುತ್ತಿತ್ತು. ಬೆನ್ನು ಅಗಲ, ಕತ್ತು ಕಾಣದಷ್ಟು ಕೊಬ್ಬು, ನಡೆದರೆ ಹಿಂಭಾಗ ಅಲೆಅಲೆಯಾಗಿ ಅಲುಗುವುದು. ಪಕ್ಕದಲ್ಲಿ ನಿಂತ ಜರ್ಮನ್ ಹೆಂಗಸು ಫೋಟೊ ತೆಗೆಯುವುದನ್ನೂ ಮರೆತು ನೋಡುತ್ತಿದ್ದರು.

ನಮ್ಮ ಮಾರ್ಗದರ್ಶಿ ಆಗ ಶುರುಮಾಡಿದ. ಇದು ಸಾವಿರ ಪೌಂಡ್, ಅದು ಸಾವಿರದ ಇನ್ನೂರು. ಹೇಗೆ ಗೊತ್ತು ಎಂದು ಕೇಳಿದೆ. ‘ಇಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ, ಸರ್’ ಎಂದ. ಕೈಗೆ ಒಂದು ಹೊಳಪು ಕಾಗದದ ಪುಸ್ತಿಕೆ ಕೊಟ್ಟ. ಅದರಲ್ಲಿ ಒಂದು ಕೋಷ್ಟಕ: ಕಟ್ಮಾಯ್ ಕರಡಿ 1,200 ಪೌಂಡ್, ಹಿಮಕರಡಿ 900 ಪೌಂಡ್, ಯೆಲ್ಲೊಸ್ಟೋನ್ ಕರಡಿ 400 ಪೌಂಡ್. ಕೆಳಗೆ ದಪ್ಪಕ್ಷರದಲ್ಲಿ ‘ನಮ್ಮದೇ ದೊಡ್ಡದು’ ಎಂಬ ಅರ್ಥದ ಮಾತು. ತಿಂಗಳಿಲ್ಲ, ಗಂಡೋ ಹೆಣ್ಣೋ ಇಲ್ಲ, ವಯಸ್ಸಿಲ್ಲ, ತೂಗಿದ್ದೋ ಊಹಿಸಿದ್ದೋ ತಿಳಿಯದು.

ಈ ಕೋಷ್ಟಕವನ್ನು ಒಂದೊಂದಾಗಿ ಬಿಡಿಸಿ ನೋಡಿ. ಕಟ್ಮಾಯ್ ಉದ್ಯಾನವೇ ಹೇಳುವ ಪ್ರಕಾರ ಅಲ್ಲಿನ ವಯಸ್ಕ ಗಂಡು ಬೇಸಿಗೆಯ ನಡುವೆ 600ರಿಂದ 900 ಪೌಂಡ್, ಅಂದರೆ ಸುಮಾರು 270ರಿಂದ 410 ಕೆ.ಜಿ. ಅಕ್ಟೋಬರ್–ನವೆಂಬರ್ ಹೊತ್ತಿಗೆ ದೊಡ್ಡ ಗಂಡುಗಳು 1,000 ಪೌಂಡ್ ದಾಟುತ್ತವೆ. ಹೆಣ್ಣು ಇದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಚಳಿಗಾಲದ ನಿದ್ರೆಯಲ್ಲಿ ಕರಡಿ ತನ್ನ ತೂಕದ ಮೂರನೇ ಒಂದು ಭಾಗದವರೆಗೂ ಕಳೆದುಕೊಳ್ಳಬಲ್ಲದು. ಎಂದರೆ ಒಂದೇ ಪ್ರಾಣಿ ಶರತ್ಕಾಲದಲ್ಲಿ 450 ಕೆ.ಜಿ. ಇದ್ದದ್ದು ವಸಂತದಲ್ಲಿ ಗುಹೆಯಿಂದ 300 ಕೆ.ಜಿ. ಆಗಿ ಹೊರಬರಬಹುದು. ಪುಸ್ತಿಕೆಯ 1,200 ಪೌಂಡ್ ಎಂದರೆ ವರ್ಷದ ಅತ್ಯುತ್ತಮ ತಿಂಗಳಿನಲ್ಲಿ, ನದಿಯ ಅತ್ಯುತ್ತಮ ಜಾಗ ಹಿಡಿದಿರುವ, ಅತಿ ದೊಡ್ಡ ಗಂಡು. ಯೆಲ್ಲೊಸ್ಟೋನ್‌ನಲ್ಲಿ ಗಂಡು 200ರಿಂದ 700 ಪೌಂಡ್, ಹೆಣ್ಣು 200ರಿಂದ 400 ಪೌಂಡ್ ಎಂದು ಆ ಉದ್ಯಾನ ಹೇಳುತ್ತದೆ. ಅಂದರೆ ಪುಸ್ತಿಕೆಯ 400 ಪೌಂಡ್ ಅಲ್ಲಿನ ನಡುಮಧ್ಯದ ಪ್ರಾಣಿ. ಇನ್ನು ಹಿಮಕರಡಿಯ 900 ಪೌಂಡ್, ಸುಮಾರು 410 ಕೆ.ಜಿ. ವಯಸ್ಕ ಗಂಡು ಹಿಮಕರಡಿ ಸಾಮಾನ್ಯವಾಗಿ 350ರಿಂದ 600 ಕೆ.ಜಿ.; ಅಂದರೆ ಪುಸ್ತಿಕೆಯಲ್ಲಿರುವುದು ತೀರಾ ಸಾಮಾನ್ಯ ಗಂಡು. ತಮ್ಮ ಕಡೆಯಿಂದ ಪೈಲ್ವಾನನನ್ನು ಇಳಿಸಿ ಎದುರು ಊರಿನಿಂದ ದಾರಿಹೋಕರನ್ನು ಕರೆದು ತಂದಂತಾಯಿತು.

ಕಟ್ಮಾಯ್ ಕರಡಿ ಯೆಲ್ಲೊಸ್ಟೋನ್ ಕರಡಿಗಿಂತ ದೊಡ್ಡದು ಎಂಬುದು ನಿಜ. ಗಂಡನ್ನು ಗಂಡಿನೊಂದಿಗೆ, ಒಂದೇ ತಿಂಗಳಿನಲ್ಲಿ ಇಟ್ಟು ನೋಡಿದರೂ ನಿಜವೇ. ಎರಡೂ ಒಂದೇ ಜಾತಿ, ವ್ಯತ್ಯಾಸ ತಟ್ಟೆಯಲ್ಲಿದೆ. ಬ್ರಿಸ್ಟಲ್ ಕೊಲ್ಲಿಯಿಂದ ಪ್ರತಿ ಬೇಸಿಗೆ ಲಕ್ಷಾಂತರ ಸಾಕೈ ಸಾಲ್ಮನ್ ಮೀನುಗಳು ಈ ನದಿಗಳನ್ನು ಏರಿ ಬರುತ್ತವೆ. ಯೆಲ್ಲೊಸ್ಟೋನ್‌ನಂಥ ಒಳನಾಡಿನ ಕರಡಿಗೆ ಬೇರು, ಹಣ್ಣು, ಹುಲ್ಲು, ಸಿಕ್ಕಾಗ ಎಲ್ಕ್ ಜಿಂಕೆಯ ಮರಿ. ಉತ್ತರ ಅಮೆರಿಕದ ಕಂದು ಕರಡಿಗಳಲ್ಲಿ ಮಾಂಸ, ಅದರಲ್ಲೂ ಸಾಲ್ಮನ್, ಹೆಚ್ಚು ಸಿಗುವ ಕಡೆ ಹೆಣ್ಣುಗಳ ಮೈ ದೊಡ್ಡದು, ಮರಿಗಳೂ ಹೆಚ್ಚು ಎಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಆ ಹೋಲಿಕೆಯಲ್ಲಿ ಹೆಣ್ಣುಗಳನ್ನು ಹೆಣ್ಣುಗಳೊಂದಿಗೇ ಇಟ್ಟು ನೋಡಿದ್ದಾರೆ ಎನ್ನುವುದು ನನಗೆ ಬಹಳ ಹಿಡಿಸಿದ ಅಂಶ. ಗಂಡುಗಳನ್ನು ಹೋಲಿಸುವಾಗ ಇನ್ನೊಂದು ತೊಡಕಿದೆ. ಹೆಣ್ಣು ಬೇಗ ಬೆಳೆದು ನಿಲ್ಲುತ್ತದೆ, ಗಂಡು ಅದಾದ ಮೇಲೂ ಹಲವು ವರ್ಷ ಮೈ ತುಂಬುತ್ತಲೇ ಇರುತ್ತದೆ. ಜನ ಕರಡಿಗಳನ್ನು ಜಾಸ್ತಿ ಬೇಟೆಯಾಡುವ ಸೀಮೆಯಲ್ಲಿ ಮುದಿ ಗಂಡುಗಳು ಉಳಿಯುವುದಿಲ್ಲ. ಅಲ್ಲಿನ ಸರಾಸರಿ ಇಳಿದಿದ್ದರೆ ಆ ಕರಡಿಗಳು ಹುಟ್ಟಿನಿಂದಲೇ ಸಣ್ಣವು ಎಂದು ತೀರ್ಮಾನಿಸುವಂತಿಲ್ಲ.

ತೂಕದ ವಿಷಯದಲ್ಲಿ ಬ್ರೂಕ್ಸ್‌ನದೇ ಒಂದು ತಮಾಷೆಯಿದೆ, ನಮ್ಮ ಕಂಪನಿಗೆ ಅದನ್ನು ಹೇಳಲು ಹೊಳೆಯಲಿಲ್ಲ. ಉದ್ಯಾನದವರು 2014ರಿಂದ ‘ಫ್ಯಾಟ್ ಬೇರ್’ ಸ್ಪರ್ಧೆ ನಡೆಸುತ್ತಾರೆ. ಮೊದಲ ವರ್ಷ ಒಂದೇ ದಿನ, ಮರುವರ್ಷದಿಂದ ವಾರವಿಡೀ. ಜನ ಬೇಸಿಗೆಯ ಫೋಟೊ ಮತ್ತು ಶರತ್ಕಾಲದ ಫೋಟೊ ಪಕ್ಕಪಕ್ಕ ನೋಡಿ ಮತ ಹಾಕುತ್ತಾರೆ. ಯಾವ ಕರಡಿಯನ್ನೂ ತಕ್ಕಡಿಗೆ ಹಾಕುವುದಿಲ್ಲ. 747 ಎಂಬ ಸಂಖ್ಯೆಯ ಗಂಡು 2020 ಮತ್ತು 2022ರಲ್ಲಿ ಗೆದ್ದಿತು. ಅದರ ತೂಕ 1,400 ಪೌಂಡ್, ಸುಮಾರು 635 ಕೆ.ಜಿ. ಎಂದು ಅಂದಾಜು. 2023 ಮತ್ತು 2024ರಲ್ಲಿ ಗೆದ್ದದ್ದು 128 ಸಂಖ್ಯೆಯ ಗ್ರೇಜರ್, ಹೆಣ್ಣು. ಎರಡೂ ಬಾರಿ ಅಂತಿಮ ಸುತ್ತಿನಲ್ಲಿ ಎದುರಿದ್ದದ್ದು ಚಂಕ್ ಎಂಬ ಭಾರಿ ಗಂಡು. ತಕ್ಕಡಿಯಲ್ಲಿ ಚಂಕ್ ಸೋಲುವ ಮಾತೇ ಇಲ್ಲ. ಆದರೆ ಮತದಾರರು ಹೆಣ್ಣಿನ ಅಳತೆಗೋಲಿನಲ್ಲಿ ಹೆಣ್ಣನ್ನು ಅಳೆದರು, 2024ರಲ್ಲಂತೂ ಮರಿಗಳನ್ನು ಸಾಕುತ್ತಲೇ ಅಷ್ಟು ಕೊಬ್ಬು ಕೂಡಿಸಿದ್ದಕ್ಕೆ ಮತ ಕೊಟ್ಟರು. ಚಂಕ್‌ಗೆ 2025ರಲ್ಲಿ, ಮುರಿದ ದವಡೆಯೊಂದಿಗೆ, ಗೆಲುವು ಸಿಕ್ಕಿತು. ಲಕ್ಷಾಂತರ ಹವ್ಯಾಸಿಗಳು ನಮ್ಮ ಪುಸ್ತಿಕೆ ಬರೆದವರಿಗಿಂತ ನ್ಯಾಯವಾಗಿ ಹೋಲಿಸಿದ್ದಾರೆ ಎಂದೇ ನನ್ನ ಅಭಿಪ್ರಾಯ.

747ರ ತೂಕದ ಅಂದಾಜಿನ ಹಿಂದೆ ಲೈಡಾರ್ ಇದೆ. ಮುಕ್ಕಾಲಿಯ ಮೇಲೆ ನಿಲ್ಲಿಸಿದ ಯಂತ್ರ ಲೇಸರ್ ಕಿರಣ ಬಿಟ್ಟು ಕರಡಿಯ ಮೈಯ ಸಾವಿರಾರು ಬಿಂದುಗಳ ದೂರ ಅಳೆಯುತ್ತದೆ. ಆ ಬಿಂದುಗಳಿಂದ ಮೈಯ ಗಾತ್ರ, ಗಾತ್ರದಿಂದ ತೂಕ. ಕರಡಿಗೆ ಮದ್ದಿನ ಬಾಣ ಹೊಡೆದು ಮಲಗಿಸಬೇಕಿಲ್ಲ, ಯಾರಿಗೂ ಅಪಾಯವಿಲ್ಲ. ಪಶುವೈದ್ಯನಾಗಿ ನನಗೆ ಇದು ಬಹಳ ಇಷ್ಟವಾಯಿತು. ಆದರೂ ಲೇಸರ್ ಅಳೆಯುವುದು ತುಪ್ಪಳದ ಹೊರಮೈಯನ್ನು. ಜುಲೈನಲ್ಲಿ ಕೂದಲುದುರಿ ಹರಕು ಕಂಬಳಿಯಂತಿರುವ ಮೈಗೂ ಸೆಪ್ಟೆಂಬರ್‌ನ ದಟ್ಟ ತುಪ್ಪಳಕ್ಕೂ ವ್ಯತ್ಯಾಸ ಸಣ್ಣದಲ್ಲ. ಅದಲ್ಲದೆ ಕೊಬ್ಬು ಸ್ನಾಯುವಿಗಿಂತ ಹಗುರ. ಗಾತ್ರದಿಂದ ತೂಕಕ್ಕೆ ಹೋಗುವಾಗ ಯಾವ ಸಾಂದ್ರತೆ ಹಿಡಿಯಬೇಕು ಎನ್ನುವುದೂ ತಿಂಗಳ ಮೇಲೆ ಹೋಗುತ್ತದೆ. ಒಂದೇ ನದಿಯ ಕರಡಿಗಳನ್ನು ಒಂದೇ ವಾರದಲ್ಲಿ ಹೋಲಿಸಲು ಇದು ಒಳ್ಳೆಯ ಸಾಧನ. ಈ ಅಂಕಿಯನ್ನು ತೆಗೆದುಕೊಂಡು ಹೋಗಿ, ಮದ್ದು ಕೊಟ್ಟು ಮಲಗಿಸಿ ನಿಜವಾಗಿ ತೂಗಿದ ಇನ್ನೊಂದು ಸೀಮೆಯ ಕರಡಿಯ ಪಕ್ಕ ಇಡಬಾರದು.

ಊಟ: ಸಸ್ಯಾಹಾರಿ ಎಂದು ಮುಂಗಡವಾಗಿ ಬರೆದು ತಿಳಿಸಿದ್ದೆವು. ಪೊಟ್ಟಣ ಬಿಚ್ಚಿದರೆ ಕೋಳಿ. ಮಾಂಸ ತೆಗೆದು ತಿನ್ನಿ ಎಂದರು. ಮನೆಯಿಂದ ತಂದ ಚಪಾತಿಯನ್ನು ವಿದ್ಯುತ್ ಬೇಲಿಯ ಒಳಗಿನ ಊಟದ ಜಾಗದಲ್ಲಿ ಮಾತ್ರ ಬಿಚ್ಚಬಹುದು, ಉಳಿದ ಹೊತ್ತು ಆಹಾರವನ್ನು ಉದ್ಯಾನದ ಭದ್ರ ಕೋಣೆಯಲ್ಲಿ ಇಡಬೇಕು. ಅದು ಸರಿಯಾದ ನಿಯಮವೇ.

ಚರ್ಚಿಲ್‌ಗೆ ಹೋದದ್ದು ಮಗಳ ಮನೆಯಿಂದ, ವಿನಿಪೆಗ್‌ನಿಂದ, ನವೆಂಬರ್ ಆರಂಭದಲ್ಲಿ. ಆ ಊರಿಗೆ ರಸ್ತೆಯೇ ಇಲ್ಲ. ವಿಮಾನ ಅಥವಾ ಬಹು ನಿಧಾನದ ರೈಲು. ಬೆಲೆ ಬ್ರೂಕ್ಸ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಆಳೆತ್ತರದ ಚಕ್ರಗಳ ಮೇಲೆ ನಿಂತ ಉದ್ದನೆಯ ಗಾಡಿ, ಒಳಗೆ ಬಿಸಿಗಾಳಿ, ಹಿಂದೆ ಶೌಚಾಲಯ, ಅದರ ಆಚೆ ತೆರೆದ ಅಟ್ಟಣೆ. ಹಡ್ಸನ್ ಕೊಲ್ಲಿ ಇನ್ನೂ ಹೆಪ್ಪುಗಟ್ಟಿರಲಿಲ್ಲ, ಕರಡಿಗಳು ದಡದ ವಿಲೋ ಪೊದೆಗಳ ನಡುವೆ ಮಲಗಿ ಕಾಯುತ್ತಿದ್ದವು.

ಮಾರ್ಗದರ್ಶಿ ಒಬ್ಬ ಯುವತಿ. ಮೊದಲ ಕರಡಿ ಕಂಡಾಗಲೇ ಹಿಂದಿನ ಸೀಟಿನಿಂದ ಯಾರೋ ತೂಕ ಎಷ್ಟು ಎಂದು ಕೂಗಿದರು. ‘ಎದೆಸುತ್ತು ಅಳೆಯದೆ ನಾನು ತೂಕ ಹೇಳುವುದಿಲ್ಲ’ ಎಂದಳು. ನನಗೆ ಎದ್ದು ಕೈಕುಲುಕಬೇಕೆನಿಸಿತು. ತೂಕದ ಬದಲು ಆಕೆ ಹೇಳಿದ್ದು ಇದು: ಗಂಡು, ಎಳೆಯದು, ಜುಲೈನಲ್ಲಿ ಕೊಲ್ಲಿಯ ಮೇಲಿನ ಮಂಜುಗಡ್ಡೆ ಕರಗಿದಾಗಿನಿಂದ ಸೀಲ್ ತಿಂದಿಲ್ಲ, ಆದ್ದರಿಂದ ಈಗ ವರ್ಷದಲ್ಲೇ ಅತಿ ಸಣಕಲಾಗಿದೆ. ಮೈಯ ಹಿಂಭಾಗದ ದುಂಡುತನವನ್ನು ಒಂದರಿಂದ ಐದರವರೆಗಿನ ದರ್ಜೆಯಲ್ಲಿ ಹೇಗೆ ಗುರುತಿಸುವುದು ಎಂದು ಕೈಯಾಡಿಸಿ ತೋರಿಸಿದಳು. ನಾವು ಹಸುಗಳಿಗೆ ಕೊಡುವ ಮೈಕಟ್ಟಿನ ಅಂಕವೂ ಅದೇ ಐದರದ್ದು.

ಬ್ರೂಕ್ಸ್ ಪುಸ್ತಿಕೆಯ ಅನ್ಯಾಯ ನನಗೆ ಪೂರ್ತಿ ಅರ್ಥವಾದದ್ದು ಇಲ್ಲಿ. ಕಂದು ಕರಡಿ ಶರತ್ಕಾಲದಲ್ಲಿ ಅತ್ಯಂತ ದಪ್ಪ. ಹಡ್ಸನ್ ಕೊಲ್ಲಿಯ ಹಿಮಕರಡಿ ಅದೇ ಹೊತ್ತಿಗೆ ಅತ್ಯಂತ ತೆಳು. ಅದರ ಸುಗ್ಗಿ ವಸಂತದ ಕೊನೆ, ಮಂಜಿನ ಮೇಲೆ ಸೀಲ್ ಮರಿಗಳು ಸಿಗುವ ಕಾಲ. ಆಮೇಲೆ ದಡಕ್ಕೆ ಬಂದು ತಿಂಗಳುಗಟ್ಟಲೆ ಉಪವಾಸ. ಈ ಭಾಗದ 20 ಹಿಮಕರಡಿಗಳಿಗೆ ಕ್ಯಾಮೆರಾ ಕಟ್ಟಿ ನಡೆಸಿದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 19 ಕರಡಿಗಳು ತೂಕ ಕಳೆದುಕೊಂಡವು, ಸರಾಸರಿ ದಿನಕ್ಕೆ ಸುಮಾರು ಒಂದು ಕೆ.ಜಿ. ಹಣ್ಣು, ಹಕ್ಕಿ ತಿಂದರೂ ಪ್ರಯೋಜನವಾಗಲಿಲ್ಲ. ಪ್ರವಾಸಿಗರು ಕಂದು ಕರಡಿಯನ್ನು ನೋಡುವುದು ಅದರ ಸುಗ್ಗಿಯಲ್ಲಿ, ಹಿಮಕರಡಿಯನ್ನು ನೋಡುವುದು ಅದರ ಬರಗಾಲದಲ್ಲಿ. ಕಣ್ಣಿಗೆ ಬಿದ್ದದ್ದನ್ನೇ ಹೋಲಿಸಿದರೆ ಕಂದು ಕರಡಿ ಯಾವಾಗಲೂ ಗೆಲ್ಲುತ್ತದೆ.

ಯಾವ ಕರಡಿಗಳು ಕಣ್ಣಿಗೆ ಬೀಳುತ್ತವೆ ಎನ್ನುವುದೂ ಮುಖ್ಯ. ಚರ್ಚಿಲ್ ದಡದಲ್ಲಿ ಸೇರುವುದರಲ್ಲಿ ಹೆಚ್ಚಿನವು ಗಂಡುಗಳು ಮತ್ತು ಎಳೆಯವು. ಗಬ್ಬದ ಹೆಣ್ಣುಗಳು ಒಳನಾಡಿಗೆ ಹೋಗಿ ಗುಹೆ ಸೇರಿರುತ್ತವೆ. ಬ್ರೂಕ್ಸ್‌ನಲ್ಲಿ ಜಲಪಾತದ ಬುಡದ ಜಾಗವನ್ನು ದೊಡ್ಡ ಗಂಡುಗಳು ಹಿಡಿದಿರುತ್ತವೆ, ಮರಿಗಳಿರುವ ತಾಯಂದಿರು ದೂರದಲ್ಲೇ ಮೀನು ಹಿಡಿಯುತ್ತವೆ. ಅಟ್ಟಣೆಯಿಂದ ಎಣಿಸಿ ಸರಾಸರಿ ತೆಗೆದರೆ ಅದು ಅಟ್ಟಣೆಯ ಸರಾಸರಿ, ಆ ಸೀಮೆಯ ಕರಡಿಗಳದ್ದಲ್ಲ.

ಹಾಗಾದರೆ ದೊಡ್ಡದು ಯಾವುದು? ರಾತ್ರಿ ಊಟದ ಹೊತ್ತಿನಲ್ಲಿ ಇದೇ ಚರ್ಚೆ. ಪಕ್ಕದ ಮೇಜಿನ ಬೇಟೆಗಾರರೊಬ್ಬರು ತಲೆಬುರುಡೆಯನ್ನು ಮುಂದಿಟ್ಟರು. ಬೇಟೆಯ ದಾಖಲೆಗಳನ್ನಿಡುವ ಅಮೆರಿಕದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಬುರುಡೆಯನ್ನು 60 ದಿನ ಒಣಗಿಸಿದ ಮೇಲೆ ಉದ್ದ ಮತ್ತು ಅಗಲ ಕೂಡಿಸಿ ದಾಖಲಿಸುತ್ತದೆ. ಅಲಾಸ್ಕಾದ ಕೊಡಿಯಾಕ್ ದ್ವೀಪದ 1952ರ ಕಂದು ಕರಡಿಯದು 30 ಮುಕ್ಕಾಲು ಇಂಚು. ಹಿಮಕರಡಿಯ ದಾಖಲೆ 30 ಇಂಚಿಗೆ ಕೂದಲೆಳೆಯಷ್ಟು ಕಡಿಮೆ. ಬುರುಡೆಗೆ ತಿಂಗಳ ಹಂಗಿಲ್ಲ, ಉಪ್ಪುನೀರು ಕುಡಿಸಿ ಹಿಗ್ಗಿಸಲೂ ಆಗದು. ಆ ಮಟ್ಟಿಗೆ ಅದು ಪ್ರಾಮಾಣಿಕ ಅಳತೆ. ಆದರೆ ಹಿಮಕರಡಿಯ ತಲೆ ಮೊದಲೇ ಕಿರಿದು, ನೀಳ. ಬೇಟೆಗಾರ ಹುಡುಕಿ ಹೊಡೆಯುವುದು ದೊಡ್ಡದನ್ನೇ. ಅಮೆರಿಕದಲ್ಲಿ 1972ರ ಕಾನೂನಿನಿಂದ ಹಿಮಕರಡಿಯ ಮೋಜಿನ ಬೇಟೆ ನಿಂತಿತು, ಕಂದು ಕರಡಿಯದು ಇಂದಿಗೂ ನಡೆದಿದೆ. ಹೆಚ್ಚು ಸಲ ಚೀಟಿ ಎತ್ತಿದವರಿಗೆ ದೊಡ್ಡ ಸಂಖ್ಯೆ ಬರುವ ಸಾಧ್ಯತೆ ಹೆಚ್ಚು. 1960ರಲ್ಲಿ ಕೋಟ್ಜೆಬ್ಯೂ ಕಡೆ ಹೊಡೆದ 1,002 ಕೆ.ಜಿ.ಯ ಹಿಮಕರಡಿಯ ಕಥೆಯನ್ನೂ ಅವರು ಹೇಳಿದರು. ಒಂದು ಪ್ರಾಣಿಯಿಂದ ಒಂದು ಸಮುದಾಯದ ಮೈಯಳತೆ ತಿಳಿಯುವುದಿಲ್ಲ ಎಂದು ನಾನೂ, ಮಗಳು ಬೇಡ ಬೇಡ ಎಂದು ಕಾಲು ತುಳಿಯುತ್ತಿದ್ದರೂ, ಹೇಳಿಯೇ ಬಿಟ್ಟೆ. ಸಾಮಾನ್ಯ ಗಂಡಿಗೆ ಸಾಮಾನ್ಯ ಗಂಡನ್ನು, ಅದರದರ ಒಳ್ಳೆಯ ತಿಂಗಳಿನಲ್ಲಿ ಇಟ್ಟರೆ ಹಿಮಕರಡಿ ಒಟ್ಟು ಕಂದು ಕರಡಿಗಳಿಗಿಂತ ದೊಡ್ಡದು. ಕೊಡಿಯಾಕ್, ಕಟ್ಮಾಯ್ ಕಡಲತೀರದ ಗಂಡುಗಳು ಮಾತ್ರ ಅದಕ್ಕೆ ಸರಿಸಮ ಬರುತ್ತವೆ. ಇದು ನನ್ನ ತೀರ್ಪು.

ಚರ್ಚಿಲ್ ಕಂಪನಿಗೆ ಹೆಚ್ಚು ಅಂಕ ಕೊಡಲು ಇನ್ನೊಂದು ಕಾರಣ ಸಂಜೆಯ ಉಪನ್ಯಾಸ. ಅಲಾಸ್ಕಾದ ಆಚೀಚೆ ಇರುವ ಚುಕ್ಚಿ ಸಮುದ್ರ ಮತ್ತು ದಕ್ಷಿಣ ಬೋಫರ್ಟ್ ಸಮುದ್ರದ ಹಿಮಕರಡಿಗಳನ್ನು ಹೋಲಿಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವನ್ನು ಆ ಯುವತಿ ವಿವರಿಸಿದಳು. ಎರಡೂ ಕಡೆ ವಸಂತದಲ್ಲೇ ಹಿಡಿದು, ಗಂಡು–ಹೆಣ್ಣು ಬೇರ್ಪಡಿಸಿ ಅಳೆದದ್ದು. ಎರಡೂ ಸಮುದ್ರಗಳಲ್ಲಿ ಮಂಜು ಕಡಿಮೆಯಾಗಿತ್ತು, ಆದರೂ ಚುಕ್ಚಿ ಕರಡಿಗಳ ಮೈ ದೊಡ್ಡದು, ಸ್ಥಿತಿ ಉತ್ತಮ. ಅಲ್ಲಿ ಆಹಾರ ಹೆಚ್ಚು. ಇಂಥ ಹೋಲಿಕೆಯ ಬೆಲೆ ಕರಪತ್ರದ ಜಂಬಕ್ಕಿಂತ ಬೇರೆಯದು. ಶರತ್ಕಾಲದಲ್ಲಿ 189 ಕೆ.ಜಿ.ಗಿಂತ ಕಡಿಮೆಯಿದ್ದ ಹೆಣ್ಣು ಹಿಮಕರಡಿ ಮರಿ ಹಾಕಿದ್ದನ್ನು ಪಶ್ಚಿಮ ಹಡ್ಸನ್ ಕೊಲ್ಲಿಯ ಸಂಶೋಧಕರು ಕಂಡಿಲ್ಲ. ಆ ಸಮುದಾಯ 2016ರಲ್ಲಿ 842 ಇದ್ದದ್ದು 2021ರ ಅಂದಾಜಿನಲ್ಲಿ 618ಕ್ಕೆ ಇಳಿದಿತ್ತು.

ನಿಮ್ಮ ಊರಿನ ಕರಡಿ ಎಷ್ಟು ದೊಡ್ಡದು ಎಂದು ಆಕೆ ನನ್ನನ್ನು ಕೇಳಿದಳು. ದರೋಜಿಯ ಗಂಡು ಕರಡಿ, ಪೂರ್ಣ ಬೆಳೆದದ್ದು, ನೂರು ಕೆ.ಜಿ.ಯ ಆಚೀಚೆ, ಮುಖ್ಯ ಆಹಾರ ಗೆದ್ದಲು, ಇರುವೆ, ಹಣ್ಣು, ಚಳಿಗಾಲದ ನಿದ್ರೆ ಇಲ್ಲ, ಆದ್ದರಿಂದ ತಿಂಗಳು ಕೇಳುವ ಅಗತ್ಯ ಅಷ್ಟಾಗಿ ಇಲ್ಲ ಎಂದೆ. ಬರೆದುಕೊಂಡಳು.

ಹೋಗುವವರಿಗೆ: ಬ್ರೂಕ್ಸ್‌ನಲ್ಲಿ ಮೀನು ಹಾರುವುದು, ಕರಡಿ ಬಾಯಲ್ಲಿ ಹಿಡಿಯುವುದು ಬೇಕಿದ್ದರೆ ಜುಲೈ, ದಪ್ಪ ಕರಡಿ ಬೇಕಿದ್ದರೆ ಸೆಪ್ಟೆಂಬರ್, ಆಗಸ್ಟ್ ಹೊತ್ತಿಗೆ ಹಲವು ಕರಡಿಗಳು ಬೇರೆ ತೊರೆಗಳಿಗೆ ಚದುರಿರುತ್ತವೆ. ಕಂಪನಿ ಯಾವುದಾದರೂ ಸರಿ, ಅಲ್ಲಿನ ಪ್ರಶ್ನೆಗಳನ್ನು ರೇಂಜರ್‌ಗಳಿಗೇ ಕೇಳಿ. ಅವರ ಸೇವೆಗೆ ಬೇರೆ ಹಣವಿಲ್ಲ, ಉತ್ತರಗಳು ನಂಬುವಂಥವು. ಚರ್ಚಿಲ್‌ಗೆ ಬಹಳ ಮೊದಲೇ ಕಾದಿರಿಸಬೇಕು. ಅಲ್ಲಿ ಕಳೆದ ಅರ್ಧ ಅಂಕ ಕಾಫಿಗೆ. ತೆರೆದ ಅಟ್ಟಣೆಯ ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ಕೋಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ.